ಬೇರಿಂಗ್ ಕೂರಿಸಲು ಸುತ್ತಿಗೆ ಸಾಕಾ?

ಪ್ರಶ್ನೆ: ನನ್ನದು 2012ರ ಸ್ವಿಫ್ಟ್. 50 ಕಿ.ಮೀ. ವೇಗ ದಾಟಿದರೆ ಮುಂದಿನ ಎಡ ಚಕ್ರದಿಂದ ಗುಂಯ್ ಅಂತ ಸದ್ದು ಬರುತ್ತದೆ. ವೀಲ್ ಬೇರಿಂಗ್ ಹೋಗಿದೆ ಅಂದರು. ಜಾಕ್, ಸ್ಪ್ಯಾನರ್ ಎಲ್ಲ ಮನೆಯಲ್ಲೇ ಇವೆ. ಸುತ್ತಿಗೆಯಿಂದ ಬಡಿದು ನಾನೇ ಹೊಸದು ಕೂರಿಸಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬಿಚ್ಚಿ ಜೋಡಿಸುವ ಕೆಲಸ ನೀವೇ ಮಾಡಿ, ಖುಷಿಯ ವಿಷಯ. ಬಡಿಯುವುದು ಮಾತ್ರ ದಯವಿಟ್ಟು ಬೇಡ.

ಮೊದಲು ಬೇರಿಂಗೇ ಹೌದಾ ನೋಡಿಕೊಳ್ಳಿ. ಸವೆದ ಟಯರ್ ಕೂಡ ಹೀಗೇ ಸದ್ದು ಮಾಡುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಕ್ಕೆ ಬೀಳುತ್ತದೆ, ಅಲ್ವಾ? ಆಗ ಸದ್ದು ಜಾಸ್ತಿಯಾದರೆ ಎಡ ಬೇರಿಂಗ್ ಮೇಲೆ ಅನುಮಾನ. ಆಮೇಲೆ ಕಾರು ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಬೇರಿಂಗ್ ಕೆಟ್ಟಿದ್ದರೆ ಮರಳು ಅರೆದ ಹಾಗೆ ಗರಗರ ಅಂತ ಸ್ಪ್ರಿಂಗ್‌ನಲ್ಲಿ ಕೈಗೆ ತಾಗುತ್ತದೆ.

ಸುತ್ತಿಗೆ ಯಾಕೆ ಬೇಡ ಅಂದರೆ, ಕೆಲಸ ಕಲಿಯುವಾಗ ನಾನೇ ಒಂದು ಆಲ್ಟೊಗೆ ಹೊಸ ಬೇರಿಂಗ್ ಬಡಿದು ಕೂರಿಸಿದ್ದೆ. ಮೂರು ವಾರಕ್ಕೆ ಅದೇ ಸದ್ದು ವಾಪಸ್. ಬೇರಿಂಗ್‌ನಲ್ಲಿ ಒಳಗೊಂದು, ಹೊರಗೊಂದು ಉಕ್ಕಿನ ಬಳೆ, ನಡುವೆ ಉರುಳುವ ಉಕ್ಕಿನ ಗುಂಡುಗಳು; ಆ ಬಳೆಗೆ ರೇಸ್ ಅನ್ನುತ್ತಾರೆ. ಬಿಚ್ಚಿ ರೇಸ್ ಒರೆಸಿ ಬೆಳಕಿಗೆ ಹಿಡಿದೆ. ಕನ್ನಡಿಯಂಥ ಉಕ್ಕಿನ ಮೇಲೆ ಸಮ ಅಂತರದಲ್ಲಿ ಸಣ್ಣ ಸಣ್ಣ ಗುಳಿ, ಒಂದೊಂದು ಗುಂಡು ಕೂತಲ್ಲಿ ಒಂದೊಂದು. ಉಗುರು ಆಡಿಸಿದರೆ ತಡೆಯುತ್ತಿತ್ತು. ನಾನು ಹೊಡೆದ ಪೆಟ್ಟೆಲ್ಲ ಗುಂಡುಗಳ ಮೂಲಕ ಹೋಗಿತ್ತು. ಹೊಸ ಬೇರಿಂಗ್ ಚಕ್ರಕ್ಕೆ ಏರುವ ಮೊದಲೇ ಸತ್ತಿತ್ತು.

ಹಾಗಾಗಿ ನೆನಪಿಡಬೇಕಾದ್ದು ಒಂದೇ. ನಕಲ್ (ಚಕ್ರದ ಹಿಂದೆ ಬೇರಿಂಗ್ ಹಿಡಿದಿಡುವ ಲೋಹದ ತುಂಡು) ಒಳಗೆ ಬೇರಿಂಗ್ ಒತ್ತುವಾಗ ಬಲ ಹೊರಗಿನ ರೇಸ್ ಮೇಲೆ ಮಾತ್ರ ಬೀಳಬೇಕು. ಚಕ್ರ ಕೂರುವ ಭಾಗವಾದ ಹಬ್ ಅನ್ನು ಬೇರಿಂಗ್‌ನೊಳಗೆ ಒತ್ತುವಾಗ ಒಳಗಿನ ರೇಸ್‌ಗೆ ಕೆಳಗಿನಿಂದ ಆಸರೆ ಇರಬೇಕು. ನಕಲ್ ಅನ್ನೇ ಆಸರೆ ಮಾಡಿಕೊಂಡು ಹಬ್ ಒತ್ತಿದರೆ ಮತ್ತೆ ಗುಂಡುಗಳೇ ಪೆಟ್ಟು ತಿನ್ನುತ್ತವೆ.

ನನ್ನ ಸಲಹೆ: ಮನೆಯಲ್ಲಿ ನಕಲ್ ಬಿಚ್ಚಿ. ಚಕ್ರದ ನಡುವಿನ ಆಕ್ಸಲ್ ನಟ್‌ನ ಮಡಚಿದ ಅಂಚನ್ನು ಎತ್ತಿ, ಕಾರು ನೆಲದ ಮೇಲಿದ್ದಾಗಲೇ ಸಡಿಲಿಸಿ. ಬ್ರೇಕ್ ಕ್ಯಾಲಿಪರ್ ಅನ್ನು ಹೋಸ್‌ನಲ್ಲಿ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರ್ ಇದ್ದರೆ ಮೊದಲೇ ತೆಗೆದಿಡಿ. ನಕಲ್ ಮತ್ತು ಹೊಸ ಬೇರಿಂಗ್ ಹಿಡಿದು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋಗಿ, ಪಕ್ಕದಲ್ಲೇ ನಿಂತು ಒತ್ತಿಸಿ. ಹಳೆ ಬೇರಿಂಗ್ ಒತ್ತುವ ಮುಂಚೆ ಅದನ್ನು ಹಿಡಿದಿರುವ ಉಂಗುರದಂಥ ಸರ್ಕ್ಲಿಪ್ ತೆಗೆದಿದ್ದಾರಾ ನೋಡಿ. ಹಬ್‌ನಲ್ಲೇ ಉಳಿಯುವ ಹಳೆ ಒಳ ರೇಸ್ ಅನ್ನೂ ಅಲ್ಲೇ ತೆಗೆಸಿಬಿಡಿ.

ಹಿಂದಿನ ರಾತ್ರಿ ಬೇರಿಂಗ್ ಅನ್ನು ಪ್ಯಾಕಿಂಗ್ ಸಮೇತ ಫ್ರೀಜರ್‌ನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಕೂರುತ್ತದೆ. ಆದರೆ ಅಂಗಡಿ ದೂರ ಇದ್ದರೆ ದಾರಿಯಲ್ಲೇ ತಣ್ಣಗಿರುವುದು ಹೋಗುತ್ತದೆ, ಸುಮ್ನೆ ಶ್ರಮ. ಕೆಲವು ಎಬಿಎಸ್ ಕಾರುಗಳ ಬೇರಿಂಗ್‌ನಲ್ಲಿ ಒಂದು ಬದಿಯ ಸೀಲ್‌ನೊಳಗೇ ಮ್ಯಾಗ್ನೆಟ್ ಇರುತ್ತದೆ. ಆ ಬದಿ ಸೆನ್ಸರ್ ಕಡೆಗೇ ಬರಬೇಕು. ತಿರುಗಾಮುರುಗಾ ಆದರೆ ಎಬಿಎಸ್ ದೀಪ ಆರುವುದಿಲ್ಲ, ಮತ್ತೊಂದು ಬೇರಿಂಗ್ ಕೊಳ್ಳಬೇಕು.

ಜೋಡಿಸುವಾಗ ಆಕ್ಸಲ್ ನಟ್ ಹೊಸದೇ ಹಾಕಿ. ಮ್ಯಾನುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ಅಂಚು ಮಡಚಿ. ನಟ್ ಬಿಗಿಯಾಗುವವರೆಗೆ ಕಾರಿನ ಭಾರ ಆ ಚಕ್ರದ ಮೇಲೆ ಬೀಳಬಾರದು. ಯಾರಾದರೂ ಬ್ರೇಕ್ ಒತ್ತಿ ಹಿಡಿದರೆ ಕಾರು ಮೇಲಿದ್ದಾಗಲೇ ಬಿಗಿ ಮಾಡಬಹುದು. ನಕಲ್ ತೆಗೆಯಲು ಸಸ್ಪೆನ್ಷನ್‌ನ ಸ್ಟ್ರಟ್ ಬೋಲ್ಟ್ ಬಿಚ್ಚಿರುತ್ತೀರಲ್ಲ, ಮರುದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ.