ಬಾರದೆ ಹೋದ ಡ್ರಮ್ಸ್ ಸೋಲೋ

ನಿಮ್ಮ ಪ್ರಶ್ನೆಯನ್ನು ಓದಿದಾಗ, ಹದಿನೈದು ವರ್ಷಗಳ ಹಿಂದೆ ನಾನೇ ಬರೆದು ಮರೆತಿದ್ದ ಚೀಟಿಯೊಂದು ಹಳೆಯ ಕೋಟಿನ ಜೇಬಿನಲ್ಲಿ ಸಿಕ್ಕಂತಾಯಿತು. ಇರುವ ಉಳಿತಾಯದಲ್ಲಿ ಮೊದಲು ಫ್ರೀ ಜಾಝ್‌ನ, ಅಂದರೆ ಹಳೆಯ ಕಟ್ಟುಗಳನ್ನು ಸಡಿಲಿಸಿದ ಜಾಝ್‌ನ, ಮೂಲ ಮುದ್ರಣಗಳನ್ನು (ರೆಕಾರ್ಡು ಹೊರಬಂದ ಕಾಲದ ಪ್ರತಿಗಳನ್ನು) ಕೊಂಡು, ಅವುಗಳಿಂದ ಕಿವಿಯನ್ನು ಪಳಗಿಸಿಕೊಂಡು, ಆಮೇಲೆ ಫ್ರೀ ಇಂಪ್ರೊವೈಸೇಶನ್, ಅಂದರೆ ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳದ ಆಶುವಾದನದ, ಕಛೇರಿಗಳಿಗೆ ಹೋಗುವುದು ಸರಿಯೇ ಎಂದು ಕೇಳಿದ್ದೀರಿ. ಮುಂದಿನ ತಿಂಗಳು ಅಂಥದೊಂದು ಕಛೇರಿಯಿದೆ ಎಂದೂ, ಅದಕ್ಕೆ ತಗಲುವ ಹಣದಲ್ಲೇ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಅಸೆನ್ಷನ್’ ಎಲ್‌ಪಿಯ (ವಿನೈಲ್ ರೆಕಾರ್ಡಿನ) ಹಳೆಯ ಪ್ರತಿಯೊಂದು ಸಿಗುತ್ತಿದೆ ಎಂದೂ ಬರೆದಿದ್ದೀರಿ. ಅದೇ ರೆಕಾರ್ಡು, ಅದೇ ಲೆಕ್ಕಾಚಾರ. ನಾನು ಅಂದು ರೆಕಾರ್ಡನ್ನೇ ಆರಿಸಿದೆ.

ಆಗ ನನ್ನ ಬಳಿ ಸುಮಾರು ಮುನ್ನೂರು ಎಲ್‌ಪಿಗಳಿದ್ದವು. ಆರಂಭವಾದದ್ದು ಅಮೆರಿಕದ ಜಾಝ್ ರೆಕಾರ್ಡ್ ಕಂಪನಿ ಬ್ಲೂ ನೋಟ್‌ನ ಐವತ್ತು–ಅರವತ್ತರ ದಶಕದ ರೆಕಾರ್ಡುಗಳಿಂದ. ಈ ಗೀಳು ಹತ್ತಿದವರಿಗೆ ಸಂಗೀತಕ್ಕಿಂತ ಮೊದಲು ಕಾಣುವುದು ಸಂಗೀತದ ಗೆರೆಗಳು ಮುಗಿದು ಲೇಬಲ್ ಶುರುವಾಗುವುದಕ್ಕೆ ಮೊದಲು ಇರುವ ಖಾಲಿ ಪಟ್ಟಿ, ಅಂದರೆ ರನ್‌ಔಟ್. ಅಲ್ಲಿ ಧ್ವನಿಮುದ್ರಣದ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಮುದ್ರೆಯಿದೆಯೇ, ರೆಕಾರ್ಡುಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಕಿವಿಯಾಕಾರದ ಗುರುತಿದೆಯೇ, ಲೇಬಲ್ಲಿನ ಮೇಲೆ ಅಚ್ಚಾಗಿರುವ ವಿಳಾಸ ಯಾವುದು ಎಂದು, ಪ್ರತಿ ಮೂಲ ಮುದ್ರಣವೇ ಎಂದು ತಿಳಿಯಲು, ಟಾರ್ಚ್ ಹಿಡಿದು ಹುಡುಕುತ್ತಾ ರಾತ್ರಿಗಳನ್ನು ಕಳೆದಿದ್ದೇನೆ. ರೆಕಾರ್ಡಿನ ಮೇಲಿನ ಕಿವಿಯನ್ನು ಹುಡುಕುವ ಭರದಲ್ಲಿ ತಲೆಯ ಮೇಲಿದ್ದ ಎರಡು ಕಿವಿಗಳು ನಿರುದ್ಯೋಗಿಗಳಾದವು. ಒಂದು ಉದಾಹರಣೆ ಸಾಕು. ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರು 1960ರ ಡಿಸೆಂಬರ್ 21ರಂದು ಎರಡು ಚತುರ್ವಾದ್ಯ ತಂಡಗಳನ್ನು ಒಟ್ಟಿಗೆ ಕೂರಿಸಿ ‘ಫ್ರೀ ಜಾಝ್’ ಧ್ವನಿಮುದ್ರಿಸಿದರು. ಸ್ಟೀರಿಯೊದಲ್ಲಿ ಒಂದು ತಂಡ ಎಡಕ್ಕೆ, ಇನ್ನೊಂದು ಬಲಕ್ಕೆ ಕೇಳಿಸುತ್ತದೆ, ಆ ರೆಕಾರ್ಡಿನ ಸ್ವಾರಸ್ಯವೇ ಅದು. ಸಂಗ್ರಾಹಕರಿಗೆ, ಎಡ–ಬಲವಿಲ್ಲದೆ ಎಲ್ಲ ದನಿಯೂ ಒಂದಾಗಿ ಬರುವ ಮೋನೋ ಪ್ರತಿಯೆಂದರೆ ಮರ್ಯಾದೆ ಹೆಚ್ಚು ಎಂಬ ಒಂದೇ ಕಾರಣಕ್ಕೆ ನಾನು ಹುಡುಕಿ ಹುಡುಕಿ ಮೋನೋ ಕೊಂಡೆ, ಮತ್ತು ಎಂಟು ಜನರನ್ನು ಒಂದೇ ಚೀಲಕ್ಕೆ ತುರುಕಿದಂತೆ ಕೇಳಿಸುತ್ತಿದ್ದ ಅದನ್ನು ಒಂದು ವರ್ಷ ಹೆಮ್ಮೆಯಿಂದ ಬಂದವರಿಗೆಲ್ಲ ತೋರಿಸಿದೆ.

‘ಅಸೆನ್ಷನ್’ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ನೀವು ಹಣ ಕೊಡುವ ಮೊದಲು ತಿಳಿದಿರಬೇಕಾದದ್ದು. 1965ರ ಜೂನ್ 28ರಂದು ಹನ್ನೊಂದು ವಾದಕರು ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಸೇರಿ ಈ ಕೃತಿಯ ಎರಡು ಪೂರ್ಣ ಟೇಕ್‌ಗಳನ್ನು, ಅಂದರೆ ಮೊದಲಿಂದ ಕೊನೆಯವರೆಗೆ ಎರಡು ಬಾರಿ, ನುಡಿಸಿದರು. ಒಂದೊಂದೂ ಹೆಚ್ಚುಕಡಿಮೆ ನಲವತ್ತು ನಿಮಿಷಗಳದು. ಇಂಪಲ್ಸ್ ಕಂಪನಿ 1966ರಲ್ಲಿ ಮೊದಲು ಹೊರತಂದ ಎಲ್‌ಪಿಯಲ್ಲಿ ಅವುಗಳಲ್ಲೊಂದು ಟೇಕ್ ಇತ್ತು. ಆಮೇಲೆ ಕೋಲ್ಟ್ರೇನ್ ಅವರಿಗೆ ಇನ್ನೊಂದೇ ಮೆಚ್ಚುಗೆಯಾಗಿದ್ದರಿಂದ, ಯಾವ ಪ್ರಕಟಣೆಯೂ ಇಲ್ಲದೆ, ಅದೇ ಹೊದಿಕೆ, ಅದೇ ಸಂಖ್ಯೆಯಲ್ಲಿ ಒಳಗಿನ ಸಂಗೀತವನ್ನು ಬದಲಾಯಿಸಲಾಯಿತು. ಗುರುತಿಗೆ ಉಳಿದದ್ದು ರನ್‌ಔಟಿನಲ್ಲಿ ಕೆತ್ತಿದ ‘ಎಡಿಷನ್ ಟು’ ಎಂಬ ಎರಡು ಪದಗಳು ಮಾತ್ರ. ಎರಡರಲ್ಲೂ ಸೋಲೋಗಳ (ಒಬ್ಬೊಬ್ಬರೇ ಮುಂದಾಗಿ ನುಡಿಸುವ ಭಾಗಗಳ) ಸರದಿ ಬೇರೆ ಬೇರೆ. ತಂಡದ ಡ್ರಮ್ಸ್ ವಾದಕ ಎಲ್ವಿನ್ ಜೋನ್ಸ್ ಅವರ ಸೋಲೋ ಇರುವುದು ಮೊದಲ ಆವೃತ್ತಿಯಲ್ಲಿ ಮಾತ್ರ.

ಇದೆಲ್ಲವೂ ನನಗೆ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದೆ ಮೋಸ ಹೋಗುವವನ ತಪ್ಪು ಬೇರೆ, ಗೊತ್ತಿದ್ದೂ ನೋಡದವನ ತಪ್ಪು ಬೇರೆ. ಆ ವರ್ಷ ಮೂರು ರಾತ್ರಿಗಳ ಆಶುವಾದನ ಕಛೇರಿಗೆಂದು ಪ್ರಯಾಣದ ಖರ್ಚನ್ನು ಹೊಂದಿಸಿಟ್ಟಿದ್ದೆ. ಆ ಸಂಗೀತವನ್ನು ಅದರ ಆರಂಭದ ದಿನಗಳಿಂದ ನುಡಿಸುತ್ತಾ ಬಂದಿದ್ದ ಹಿರಿಯ ಸ್ಯಾಕ್ಸೋಫೋನ್ ವಾದಕರೊಬ್ಬರು ಎರಡನೆಯ ರಾತ್ರಿ ನುಡಿಸುವವರಿದ್ದರು. ಹೊರಡಲು ಹತ್ತು ದಿನಗಳಿರುವಾಗ ಮಾರಾಟಗಾರರೊಬ್ಬರು ‘ಅಸೆನ್ಷನ್’ನ ಹಳೆಯ ಪ್ರತಿಯ ಚಿತ್ರಗಳನ್ನು ಕಳುಹಿಸಿದರು. ಕಿತ್ತಳೆ–ಕಪ್ಪು ಲೇಬಲ್ ಸರಿಯಿತ್ತು. ಹೊದಿಕೆಯ ಅಂಚು ಹರಿದಿರಲಿಲ್ಲ. ವ್ಯಾನ್ ಗೆಲ್ಡರ್ ಮುದ್ರೆಯಿದೆ ಎಂದು ಅವರು ಬರೆದಿದ್ದರು. ರನ್‌ಔಟಿನ ಚಿತ್ರ ಮಾತ್ರ ಇರಲಿಲ್ಲ, ಮತ್ತು ನಾನು ಅದನ್ನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದನ್ನು ವರ್ಷಗಟ್ಟಲೆ ಯೋಚಿಸಿದ್ದೇನೆ. ಆತುರ ಎಂದರೆ ಅರ್ಧ ಸತ್ಯವಾಗುತ್ತದೆ. ಅವರು ‘ಮೂಲ ಮುದ್ರಣ’ ಎಂದಿದ್ದರೇ ಹೊರತು ‘ಮೊದಲ ಆವೃತ್ತಿ’ ಎಂದಿರಲಿಲ್ಲ. ಎರಡನೆಯ ಆವೃತ್ತಿಯೂ ಆ ಕಾಲದ ಮೂಲ ಮುದ್ರಣವೇ ಆಗಿರಬಹುದು, ಆ ಎರಡು ಮಾತುಗಳ ನಡುವಿನ ಅಂತರ ನನಗೆ ಚೆನ್ನಾಗಿ ತಿಳಿದಿತ್ತು. ಚಿತ್ರ ಕೇಳಿದರೆ ಬೇಡದ ಉತ್ತರ ಬರಬಹುದೆಂಬ ಅಳುಕೂ ಒಳಗೆಲ್ಲೋ ಇತ್ತು. ಉತ್ತರ ಬಂದರೆ ಕೊಳ್ಳಲು ನೆಪವಿರುವುದಿಲ್ಲ, ನೆಪವಿಲ್ಲದಿದ್ದರೆ ಕಛೇರಿಗೆ ಹೋಗಬೇಕಾಗುತ್ತದೆ, ಮತ್ತು ಕಛೇರಿ ಎಂದರೆ ನನಗೆ ನಿಜಕ್ಕೂ ಹೆದರಿಕೆಯಿತ್ತು. ಅಪರಿಚಿತರ ನಡುವೆ ಕುಳಿತು, ಏನೂ ಅರ್ಥವಾಗದೆ, ಅರ್ಥವಾದವನ ಮುಖ ಮಾಡಿಕೊಂಡು ಎರಡು ಗಂಟೆ ಕಳೆಯುವ ಭಯ ಅದು. ರೆಕಾರ್ಡನ್ನು ಕೇಳಿ ಕೇಳಿ ತಯಾರಾಗಿ ಮುಂದಿನ ವರ್ಷ ಹೋಗುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಹಣ ಕಳುಹಿಸಿದೆ. ನಿಮ್ಮ ಪ್ರಶ್ನೆಯಲ್ಲಿರುವ ‘ಕಿವಿ ಪಳಗಿಸಿಕೊಂಡು’ ಎಂಬ ಮಾತಿನ ಹಿಂದೆಯೂ ಇದೇ ಭಯವಿದೆಯೇನೋ ಎಂಬ ಅನುಮಾನ ನನಗಿದೆ, ತಪ್ಪಾಗಿದ್ದರೆ ಕ್ಷಮಿಸಿ.

ರೆಕಾರ್ಡು ಬಂತು. ತೊಳೆದೆ, ಒಣಗಿಸಿದೆ, ದೀಪ ಆರಿಸಿ ಕುಳಿತೆ. ಮೊದಲ ಬದಿಯಲ್ಲಿ ಸೋಲೋಗಳ ಸರದಿ ಯಾವುದೆಂದು ನಾನು ಗಮನಿಸಲೇ ಇಲ್ಲ. ಎರಡನೆಯ ಬದಿಯ ಕೊನೆಯಲ್ಲಿ ಎಲ್ವಿನ್ ಜೋನ್ಸ್ ಅವರ ಸೋಲೋಗಾಗಿ ಕಾದೆ. ಅದು ಬರಲಿಲ್ಲ, ಇಡೀ ತಂಡ ಮತ್ತೆ ಕೂಡಿಕೊಂಡಿತು, ಸೂಜಿ ಖಾಲಿ ಪಟ್ಟಿಗೆ ಜಾರಿ ಟಿಕ್ ಟಿಕ್ ಎನ್ನತೊಡಗಿತು. ಟಾರ್ಚ್ ಹಾಕಿ ನೋಡಿದಾಗ ಆ ಎರಡು ಪದಗಳು ಕಂಡವು. ಹಿಂತಿರುಗಿಸುತ್ತೇನೆಂದು ಮಾರಾಟಗಾರರಿಗೆ ಎರಡು ಬಾರಿ ಬರೆದೆ. ಹೇಳಿದ್ದನ್ನೇ ಕಳುಹಿಸಿದ್ದೇನೆ ಎಂದು ಅವರು ನಿರಾಕರಿಸಿದರು, ಮತ್ತು ಅವರ ಮಾತು ನ್ಯಾಯವಾಗಿಯೇ ಇತ್ತು.

ನಾಚಿಕೆಯ ಭಾಗ ಮುಂದಿದೆ. ಕೃತಿಯನ್ನು ರಚಿಸಿದವರೇ ಮೆಚ್ಚಿ ಆರಿಸಿದ ಟೇಕ್ ನನ್ನ ಕೈಯಲ್ಲಿತ್ತು, ಮತ್ತು ನಾನು ವಂಚನೆಗೊಳಗಾದವನಂತೆ ಒಂದು ವಾರ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಹನ್ನೊಂದು ವಾದಕರಲ್ಲೊಬ್ಬರಾದ ಫರೋ ಸ್ಯಾಂಡರ್ಸ್ ಅವರ ಸ್ಯಾಕ್ಸೋಫೋನಿನ ಆ ಚೀರುವ ದನಿ ನನ್ನೆದುರಿಗೇ ಇತ್ತು. ಅದು ನನಗೆ ಕೇಳಿಸಿದ್ದು ಎರಡು ವರ್ಷಗಳ ನಂತರ.

ಆ ಹೊತ್ತಿಗೆ ಮೂರು ರಾತ್ರಿಗಳು ಮುಗಿದಿದ್ದವು. ಹೋಗಿಬಂದ ಗೆಳೆಯನನ್ನು ಹೇಗಿತ್ತು ಎಂದು ಕೇಳಿದೆ. ಆ ಹಿರಿಯರು ಬಹಳ ಹೊತ್ತು ನುಡಿಸಲೇ ಇಲ್ಲ, ಸುಮ್ಮನೆ ವಾದ್ಯ ಹಿಡಿದು ನಿಂತಿದ್ದರು, ಎಂದ. ಆಮೇಲೆ? ಆಮೇಲೆ ಹೇಳಲು ಬರುವುದಿಲ್ಲ ಎಂದ. ಅದನ್ನು ಯಾರೂ ಧ್ವನಿಮುದ್ರಿಸಿಕೊಂಡಿರಲಿಲ್ಲ. ಮರುವರ್ಷ ಅವರು ಪ್ರಯಾಣವನ್ನೇ ನಿಲ್ಲಿಸಿದರು, ಅದಾದ ಸ್ವಲ್ಪ ಕಾಲಕ್ಕೆ ತೀರಿಕೊಂಡರು. ಎರಡನೆಯ ಆವೃತ್ತಿಯ ಜಾಗಕ್ಕೆ ಮೊದಲನೆಯದನ್ನು ನಾನು ಇಂದಿಗೂ ಕೊಳ್ಳಬಹುದು, ಸಿಡಿಯಲ್ಲಂತೂ ಎರಡೂ ಒಟ್ಟಿಗೇ ಸಿಗುತ್ತವೆ. ಆ ರಾತ್ರಿಗೆ ಎರಡನೆಯ ಆವೃತ್ತಿಯಿಲ್ಲ.

ಕೊನೆಗೆ ನಾನು ಹೋದ ಮೊದಲ ಆಶುವಾದನ ಕಛೇರಿಯಲ್ಲಿ ಕೇಳುಗರು ಹನ್ನೆರಡು ಮಂದಿಯಿದ್ದರು. ಒಬ್ಬರು ಚೆಲ್ಲೋ, ಒಬ್ಬರು ಟ್ರಂಪೆಟ್, ಒಬ್ಬರು ತಾಳವಾದ್ಯ. ತಾಳವಾದ್ಯದವರು ಸಿಂಬಲ್‌ನ ಅಂಚಿಗೆ ಕಮಾನು ಹಚ್ಚಿ ಎಳೆಯುತ್ತಿದ್ದರು. ಮೊದಲ ಅರ್ಧ ಗಂಟೆ ನಾನು ಪರೀಕ್ಷೆಗೆ ಓದಿಕೊಂಡು ಹೋದ ಹುಡುಗನಂತೆ ಸೋಲೋ ಎಲ್ಲಿದೆ, ತಿರುವು ಎಲ್ಲಿದೆ ಎಂದು ಹುಡುಕಿದೆ. ಓದಿದ ಪಾಠದಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಆಗ ನನ್ನ ಹಿಂದೆ ಯಾರದೋ ಕುರ್ಚಿ ಕಿರ್ರೆಂದಿತು. ಟ್ರಂಪೆಟ್ಟಿನವರು ತಲೆಯೆತ್ತಲಿಲ್ಲ, ಅದೇ ಕಿರುಗುಟ್ಟುವ ದನಿಯನ್ನು ಬರಿಯ ಉಸಿರಿನಲ್ಲಿ ಹಿಡಿದು ಮುಂದುವರಿಸಿದರು, ಮತ್ತು ಚೆಲ್ಲೋದವರು ತಂತಿಗೆ ತಾಗಲಿದ್ದ ಕಮಾನನ್ನು ಹಿಂದಕ್ಕೆಳೆದುಕೊಂಡು ಆ ದನಿಗೆ ಜಾಗ ಬಿಟ್ಟರು. ಆ ಕಮಾನು ಹಿಂದೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಇದೇ ಕಛೇರಿ ರೆಕಾರ್ಡಾಗಿದ್ದರೆ ಅಲ್ಲಿ ಚೆಲ್ಲೋ ಸುಮ್ಮನಿದೆ ಎಂದಷ್ಟೇ ಕೇಳಿಸುತ್ತಿತ್ತು, ಅಥವಾ ಅದೂ ಕೇಳಿಸುತ್ತಿರಲಿಲ್ಲ. ನನ್ನ ಗೆಳೆಯ ಹೇಳಲಾಗದೆ ಬಿಟ್ಟದ್ದು ಏನಿರಬಹುದು ಎಂಬ ಅಂದಾಜು ನನಗೆ ಸಿಕ್ಕಿದ್ದು ಆಗ.

ಆದ್ದರಿಂದ ‘ಮೊದಲು ರೆಕಾರ್ಡು, ಆಮೇಲೆ ಕಛೇರಿ’ ಎಂಬ ನಿಮ್ಮ ಕ್ರಮವನ್ನೇ ನಾನು ಒಪ್ಪುವುದಿಲ್ಲ. ‘ಅಸೆನ್ಷನ್’ ಎಷ್ಟೇ ಗದ್ದಲವೆನಿಸಿದರೂ ಅದಕ್ಕೊಂದು ಏರ್ಪಾಡಿದೆ: ಇಡೀ ತಂಡ, ಒಬ್ಬರ ಸೋಲೋ, ಮತ್ತೆ ಇಡೀ ತಂಡ. ಅರವತ್ತರ ದಶಕದ ನಡುಭಾಗದಿಂದ ಯುರೋಪಿನಲ್ಲಿ ಬೆಳೆದ ಫ್ರೀ ಇಂಪ್ರೊವೈಸೇಶನ್‌ಗೆ, ಅಂದರೆ 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎಎಂಎಂ ತಂಡದವರೂ ಗಿಟಾರ್ ವಾದಕ ಡೆರೆಕ್ ಬೈಲಿಯಂಥವರೂ ಹಿಡಿದ ದಾರಿಗೆ, ಆ ಏರ್ಪಾಡೂ ಬೇಕಿಲ್ಲ. ಯಾವ ಶೈಲಿಯ ನುಡಿಗಟ್ಟಿಗೂ ಕಟ್ಟುಬೀಳದೆ ನುಡಿಸುವುದು ಬೈಲಿಯವರ ಹಂಬಲವಾಗಿತ್ತು. ನಮ್ಮ ರಾಗಸಂಗೀತದ ಮನೋಧರ್ಮದ ಅಭ್ಯಾಸವಿರುವವರು ಇಲ್ಲಿಯೂ ರಾಗದಂಥ ಒಂದು ಮನೆಯನ್ನು ಹುಡುಕಿ ನಿರಾಶರಾಗುತ್ತಾರೆ. ಇಲ್ಲಿ ಮನೆಯನ್ನೇ ನಿಮ್ಮೆದುರು ಕಟ್ಟುತ್ತಾರೆ, ಕೆಲವೊಮ್ಮೆ ಕಟ್ಟಲಾಗದೆ ಬಿಟ್ಟುಹೋಗುತ್ತಾರೆ. ಹೌದು, ಕೆಟ್ಟ ಕಛೇರಿಗಳೂ ಇರುತ್ತವೆ, ಸಾಕಷ್ಟು ಇರುತ್ತವೆ. ಮೂವರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಒಂದು ಗಂಟೆ ಕಳೆದದ್ದನ್ನು ನಾನು ಕಂಡಿದ್ದೇನೆ, ಮತ್ತು ಅದರಿಂದಲೂ ಕಲಿತಿದ್ದೇನೆ.

ರೆಕಾರ್ಡುಗಳನ್ನು ಬಿಡಿ ಎಂದು ಹೇಳುತ್ತಿಲ್ಲ. ಈ ಸಂಗೀತಗಾರರೇ ಬೇರೆ ಯಾರೂ ತಮ್ಮನ್ನು ಮುದ್ರಿಸದಿದ್ದಾಗ ಸ್ವಂತ ರೆಕಾರ್ಡ್ ಕಂಪನಿಗಳನ್ನು ಕಟ್ಟಿಕೊಂಡವರು. ಬೈಲಿ, ಸ್ಯಾಕ್ಸೋಫೋನ್ ವಾದಕ ಎವನ್ ಪಾರ್ಕರ್ ಮತ್ತು ಡ್ರಮ್ಸ್ ವಾದಕ ಟೋನಿ ಆಕ್ಸ್‌ಲಿ ಸೇರಿ 1970ರಲ್ಲಿ ಇಂಕಸ್ ಆರಂಭಿಸಿದರು. ನನ್ನ ಅಭಿಪ್ರಾಯವೇನೆಂದರೆ, ಹೊಸ ಆಶುವಾದನದ ರೆಕಾರ್ಡನ್ನು ಕಛೇರಿಯ ನಂತರ ವಾದಕರ ಮೇಜಿನಿಂದಲೇ ಕೊಳ್ಳಿ, ಹಣ ಸೇರಬೇಕಾದವರಿಗೆ ಸೇರುತ್ತದೆ. ಅರವತ್ತರ ದಶಕದ ಜಾಝ್‌ಗೆ ಒಳ್ಳೆಯ ಮರುಮುದ್ರಣ ಸಾಕು. ಮೂಲ ಮುದ್ರಣ ಬೇಕೆನ್ನುವುದು ಪುರಾತನ ವಸ್ತುಗಳ ಹವ್ಯಾಸ, ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಸಂಗೀತಾಭ್ಯಾಸದ ಖರ್ಚಿಗೆ ಬರೆಯಬೇಡಿ. ಕೊಂಡದ್ದನ್ನು ನೆಟ್ಟಗೆ ನಿಲ್ಲಿಸಿಡಿ, ಮೃದುವಾದ ಪಿವಿಸಿ ಹೊದಿಕೆಗಳಿಂದ ದೂರವಿಡಿ. ಅವುಗಳಿಂದ ಹೊರಬರುವ ರಾಸಾಯನಿಕ ರೆಕಾರ್ಡಿನ ಮೇಲೆ ಮಂಜಿನಂತೆ ಕೂರುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ.

ಆ ಪ್ರತಿಯ ಮಾರಾಟಗಾರರಿಗೆ ಇಂದೇ ಬರೆದು ಎರಡೂ ಬದಿಗಳ ರನ್‌ಔಟಿನ ಚಿತ್ರಗಳನ್ನು, ಓರೆಯಾಗಿ ಬೆಳಕು ಬೀಳುವಂತೆ ತೆಗೆಸಿ, ತರಿಸಿಕೊಳ್ಳಿ. ಕೊಳ್ಳುವುದಕ್ಕಾಗಿ ಅಲ್ಲ, ಆ ಪ್ರಶ್ನೆ ನಿಮ್ಮ ತಲೆಯಿಂದ ಇಳಿದು ನೀವು ನೆಮ್ಮದಿಯಿಂದ ಕಛೇರಿಗೆ ಹೊರಡಲೆಂದು. ಅಲ್ಲಿ ವಾದಕರ ಕೈಗಳು ಕಾಣುವಷ್ಟು ಹತ್ತಿರ ಕುಳಿತುಕೊಳ್ಳಿ, ಡ್ರಮ್ಸ್ ತೀರಾ ಪಕ್ಕದಲ್ಲಿದ್ದರೆ ಕಿವಿಗೆ ಪ್ಲಗ್ ಇರಲಿ, ಮತ್ತು ಮೊದಲ ಭಾಗ ಎಷ್ಟೇ ಬೇಸರವೆನಿಸಿದರೂ ವಿರಾಮದಲ್ಲಿ ಎದ್ದು ಹೋಗಬೇಡಿ.