ಹಿಂದಿ ಸೀರಿಯಲ್‌ನ ಜಡ್ಜ್‌ಗೆ ಹೊಟ್ಟೆ ತುಂಬುತ್ತಾ?

ಹಿಂದಿ ಸೀರಿಯಲ್‌ಗಳಲ್ಲಿ ಡಾಕ್ಟರ್, ಜಡ್ಜ್ ಅಂತ ಒಂದು ನಿಮಿಷ ಬಂದು ಹೋಗುವವರ ಜೀವನ ಹೇಗೆ ನಡೆಯುತ್ತೆ ಎಂದು ಕೇಳಿದ್ದೀರಿ. ನಾನೇ ಅಂಥ ಜಡ್ಜ್. 11 ಸಲ ತೀರ್ಪು ಕೊಟ್ಟಿದ್ದೇನೆ. ಒಂದರಲ್ಲೂ ನನ್ನ ಪಾತ್ರಕ್ಕೆ ಹೆಸರಿರಲಿಲ್ಲ.

ಇದನ್ನೇ ನಂಬಿದ್ದರೆ ಹೊಟ್ಟೆ ತುಂಬುತ್ತಿರಲಿಲ್ಲ. ಬ್ಯಾಂಕಿನ ಪಿಂಚಣಿ ಇದೆ. ಮುಂಬೈಯ ಮಾಟುಂಗಾದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಆಡಿಕೊಂಡಿದ್ದವನು, 2001ರಲ್ಲಿ ಬ್ಯಾಂಕಿನಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡ ಮೇಲೆ ಈ ಕಡೆ ಬಂದೆ.

ವರ್ಸೋವಾದಲ್ಲಿ ಆರಾಮ್ ನಗರ ಅಂತ ಇದೆ. ಆರಾಮ ಹೆಸರಲ್ಲಿ ಮಾತ್ರ. ಹಳೇ ಬಂಗಲೆಗಳ ತುಂಬಾ ಪಾತ್ರಕ್ಕೆ ನಟರನ್ನು ಆರಿಸುವ ಕಾಸ್ಟಿಂಗ್ ಆಫೀಸು. ಬಾಗಿಲಲ್ಲಿ ನಿಂತ ಹುಡುಗ ಮುಖ ನೋಡಿ ‘ನಾಟ್ ಫಿಟ್’ ಅಂದರೆ ಮುಂದಿನ ಬಾಗಿಲು. ನನ್ನ ಹಿಂದಿಯಲ್ಲಿ ಧಾರವಾಡ ಜಾಸ್ತಿ ಅಂತ ವಕೀಲನ ಪಾತ್ರ ಯಾರೂ ಕೊಡಲಿಲ್ಲ. ಜಡ್ಜ್‌ಗೆ ಮಾತು ಕಡಿಮೆ, ಅಲ್ವಾ?

ಶೂಟಿಂಗ್ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ, ಇಲ್ಲವೇ ನಾಯಗಾಂವ್‌ನಲ್ಲಿ. 12 ಗಂಟೆ ಶಿಫ್ಟ್, ನನ್ನ ಕೆಲಸ ಒಂದು ಗಂಟೆಯದು. ಹೀರೋಯಿನ್ ಅತ್ತು ಮುಗಿಸುವ ತನಕ ಸುಮ್ನೆ ಕೂತಿರಬೇಕು. ನನ್ನ ಕ್ಲೋಸಪ್ ಬರುವಷ್ಟರಲ್ಲಿ ಆಕೆ ಮೇಕಪ್ ರೂಮಿಗೆ ಹೋಗಿರುತ್ತಾಳೆ. ಅಸಿಸ್ಟೆಂಟ್ ಹುಡುಗ ಕಟಕಟೆಯ ಪಕ್ಕ ನಿಂತು, ಚೂಯಿಂಗ್ ಗಮ್ ಜಗಿಯುತ್ತಾ ಅವಳ ಮಾತು ಓದುತ್ತಾನೆ. ಅವನನ್ನು ನೋಡಿ ನಾನು ಕರಗಬೇಕು!

ಸಂಬಳ ದಿನದ ಲೆಕ್ಕ. ಕೈಗೆ ಬರುವುದು 90 ದಿನದ ಮೇಲೆ, ಅದೂ ಪಾತ್ರ ಕೊಡಿಸುವ ಕೋಆರ್ಡಿನೇಟರ್‌ನ ಕಮಿಷನ್ ಕಳೆದು. ಒಂದು ಸೀರಿಯಲ್ ಅರ್ಧಕ್ಕೇ ನಿಂತು, ಆಫೀಸಿಗೆ ಬೀಗ ಬಿತ್ತು. ನಾಲ್ಕು ದಿನದ ದುಡ್ಡು ಹೋಯಿತು. ಜಡ್ಜ್ ಸಾಹೇಬರಿಗೇ ನ್ಯಾಯ ಸಿಗಲಿಲ್ಲ ಅಂತ ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ.

2020ರಲ್ಲಿ ಮಾತ್ರ ನಗು ಬರಲಿಲ್ಲ. ಕೊರೋನಾಕ್ಕೆ ನಿಂತ ಶೂಟಿಂಗ್ ಮತ್ತೆ ಶುರುವಾದಾಗ, 65 ದಾಟಿದವರು ಸೆಟ್‌ಗೆ ಬರಬಾರದು ಅಂತ ಮಹಾರಾಷ್ಟ್ರ ಸರ್ಕಾರ ನಿಯಮ ಮಾಡಿತು. ನನಗಾಗ 66. ನನಗೆ ಪಿಂಚಣಿಯಾದರೂ ಇತ್ತು. ಇದೊಂದೇ ದುಡಿಮೆ ಇದ್ದವರು ಏನು ಮಾಡಬೇಕು? ನಮ್ಮಂಥ ಸಣ್ಣ ಪಾತ್ರಗಳನ್ನೇ ಮಾಡಿಕೊಂಡು ಬಂದ 70 ವರ್ಷದ ನಟರೊಬ್ಬರು ಬಾಂಬೆ ಹೈಕೋರ್ಟಿಗೆ ಹೋದರು. ಆಗಸ್ಟ್ 7ರಂದು ಕೋರ್ಟು ಆ ನಿಯಮ ರದ್ದು ಮಾಡಿತು. ಸ್ಟಾರ್‌ಗಳಿಗೂ ಅನ್ವಯಿಸುವ ನಿಯಮ, ಆದರೆ ಕೇಸು ಹಾಕಿದ್ದು ಈ ಸಣ್ಣ ಪಾತ್ರದ ನಟರು ನೋಡಿ.

ನನಗೆ ಫೋನ್ ಬಂದದ್ದು ಎಷ್ಟೋ ತಿಂಗಳು ಕಳೆದ ಮೇಲೆ. ಮತ್ತೆ ಜಡ್ಜೇ. ಕೊರೋನಾ ಇದೆ, ಕರಿ ಕೋಟು ಮನೆಯಿಂದಲೇ ತನ್ನಿ ಅಂದರು. ಹೊಲಿಸಿದೆ. ಹೊಲಿಗೆ ಕೂಲಿ ಎರಡು ದಿನದ ಸಂಬಳ.