ನಾನು ಕತ್ತರಿಸಿದ ಎರಡು ಪ್ಯಾರಾಗಳು

ಹೊನ್ನಾವರದ ನಿವೃತ್ತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ಒಂದು ಪ್ರವಾಸ ಲೇಖನ ಪ್ರಕಟಿಸಿದ್ದೆವು. ಕನ್ನಡ ಕುಟುಂಬವೊಂದು 6 ಮತ್ತು 3 ವರ್ಷದ ಮಕ್ಕಳನ್ನು ಕರೆದುಕೊಂಡು, ಸ್ಪೇನಿನ ಗಲಿಸಿಯಾ ಕರಾವಳಿಯಲ್ಲಿ ಬಾಡಿಗೆಯ ಹಾಯಿದೋಣಿಯಲ್ಲಿ 16 ದಿನ ಕಳೆದ ಕಥನ ಅದು. ಅದನ್ನು ಓದಿದ ಈ ಶಿಕ್ಷಕಿಯ ಮಗಳು ಮತ್ತು ಅಳಿಯ ಯುರೋಪಿನಲ್ಲೇ ಇರುವವರು. ಮುಂದಿನ ಜುಲೈನಲ್ಲಿ ತಾವೂ ಹೊರಡುವುದೆಂದು ನಿಶ್ಚಯಿಸಿದ್ದಾರೆ. ದಕ್ಷಿಣ ಸ್ಪೇನಿನ ಕಾದಿಸ್ ಬಂದರಿನಿಂದ ಹೊರಟು, ಜಿಬ್ರಾಲ್ಟರ್ ಜಲಸಂಧಿ ದಾಟಿ ಮಲಗಾ ತಲುಪುವುದು ಅವರ ಯೋಜನೆ. ಕಿರಿಯ ಮಗುವಿಗೆ ಆಗ ಎರಡೂವರೆ ವರ್ಷ.

ಪತ್ರದ ಕೆಲವು ಸಾಲುಗಳು: “ಅಂಗಳದ ಬಾವಿಕಟ್ಟೆಯ ಹತ್ತಿರವೂ ಮಕ್ಕಳನ್ನು ಬಿಡದೆ ಸಾಕಿದವರು ನಾವು. ನಿಮ್ಮ ಲೇಖನದಲ್ಲಿ ನೀಲಿ ನೀರಿತ್ತು, ನಗುವ ಮಕ್ಕಳಿದ್ದರು, ಕೆಂಡದ ಮೇಲೆ ಸುಟ್ಟ ಮೀನಿತ್ತು. ಹೆದರಿಕೆ ಒಂದು ಸಾಲಿನಲ್ಲೂ ಇರಲಿಲ್ಲ. ನಾನು ಮೀನುಗಾರರ ಮಕ್ಕಳಿಗೆ ಪಾಠ ಹೇಳಿದವಳು. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಹಿಂದೆ ‘ದಿವಂಗತ’ ಎಂದು ಸೇರಿಸಿದ ಕೈ ನನ್ನದು. ನಿಮ್ಮ ಮೊಮ್ಮಕ್ಕಳಾಗಿದ್ದರೆ ಕಳುಹಿಸುತ್ತಿದ್ದಿರಾ?”

ಅಕ್ಕೋರೇ,

ನಮ್ಮ ಕಡೆಯ ರೂಢಿಯಂತೆ ಹಾಗೆಯೇ ಕರೆಯುತ್ತೇನೆ. ನಾನು ತದಡಿಯವನು. ಅಘನಾಶಿನಿಯ ಅಳಿವೆಯನ್ನು ನೋಡುತ್ತ ಬೆಳೆದವನು. ಹಾಜರಿ ಪುಸ್ತಕದ ಆ ಸಾಲನ್ನು ಓದಿ ಪತ್ರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ.

ಆಮೇಲೆ ಲೇಖಕಿ ಕಳುಹಿಸಿದ್ದ ಮೂಲ ಪ್ರತಿಯನ್ನು ಹುಡುಕಿ ತೆಗೆದು ಓದಿದೆ. ಹೆದರಿಕೆ ಅದರಲ್ಲಿತ್ತು, ಅಚ್ಚಿನಲ್ಲಿ ಇರಲಿಲ್ಲ. ಲೇಖನ ಪುಟಕ್ಕೆ ಹೆಚ್ಚಾಗಿದ್ದರಿಂದ ಎರಡು ಪ್ಯಾರಾಗಳನ್ನು ನಾನೇ ತೆಗೆದಿದ್ದೆ. ಪ್ರವಾಸದ ಓಟಕ್ಕೆ ಅವು ಅಡ್ಡ ಬರುತ್ತವೆ ಎಂದು ಆಗ ಅನ್ನಿಸಿತ್ತು. ನೀವು ಕೇಳಿರುವ ಪ್ರಶ್ನೆಗೆ ಉತ್ತರ ಇದ್ದದ್ದು ಆ ಎರಡರಲ್ಲೇ. ತಪ್ಪು ನನ್ನದು, ಲೇಖಕಿಯದಲ್ಲ.

ಮೊದಲನೆಯ ಪ್ಯಾರಾ ದೋಣಿಯಲ್ಲಿದ್ದ ಮೂರನೆಯ ದೊಡ್ಡವರ ಬಗ್ಗೆ. ಗಂಡ ಹೆಂಡತಿ ಇಬ್ಬರೇ ದೋಣಿ ನಡೆಸಿದರು ಎಂದು ನೀವು ತಿಳಿದಿದ್ದೀರಿ. ನಮ್ಮ ಅಚ್ಚು ಓದಿದ ಯಾರಾದರೂ ಹಾಗೆಯೇ ತಿಳಿಯುತ್ತಾರೆ. ನಿಜಕ್ಕೂ ಅವರು ಗಲಿಸಿಯಾದವರೇ ಆದ, ಅರವತ್ತರ ಆಸುಪಾಸಿನ ಹೆಂಗಸೊಬ್ಬರನ್ನು ಸಂಬಳ ಕೊಟ್ಟು ಜೊತೆಗೆ ಕರೆದುಕೊಂಡಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಆಕೆಯೇ ತಾಂಡೇಲ, ಎಂದರೆ ದೋಣಿ ನಡೆಸುವ ಮುಖ್ಯಸ್ಥೆ. ಲೇಖಕಿಗೂ ಪತಿಗೂ ಹಾಯಿ ಏರಿಸಿ ಇಳಿಸಲು ಬರುತ್ತಿತ್ತು, ಕಲಿತಿದ್ದರು. ಆದರೂ ಆಕೆ ಏಕೆ ಬೇಕಾಯಿತು ಎಂಬುದಕ್ಕೆ ಅವರು ಬರೆದಿದ್ದ ಮಾತು ಇದು: “ಚಿಕ್ಕ ಮಕ್ಕಳಿರುವ ದೋಣಿಯಲ್ಲಿ ಇಬ್ಬರು ದೊಡ್ಡವರಿದ್ದರೆ ಹಾಯಿಯ ಕೆಲಸಕ್ಕೆ ಸಿಗುವುದು ಒಬ್ಬರೇ.” ಗಾಳಿ ಏರಿತು, ಹಾಯಿಯನ್ನು ಅರ್ಧಕ್ಕೆ ಇಳಿಸಬೇಕು. ಅದೇ ಗಳಿಗೆಯಲ್ಲಿ ಒಂದು ಮಗುವಿಗೆ ವಾಂತಿ, ಇನ್ನೊಂದಕ್ಕೆ ಮೂತ್ರದ ಅವಸರ. ತಾಯಿ ಕೆಳಗಿಳಿದರೆ ಮೇಲೆ ಗಂಡ ಒಬ್ಬನೇ. ಅವನ ಕಾಲು ಜಾರಿದರೆ ಚುಕ್ಕಾಣಿ ಹಿಡಿಯುವವರು ಯಾರು? ಒಬ್ಬಂಟಿಯಾಗಿ ದೋಣಿ ನಡೆಸುವ ಪರಿಣತರು ಲೋಕದಲ್ಲಿದ್ದಾರೆ. ರಜೆಗೆ ಹೊರಟ ಗೃಹಸ್ಥನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಎರಡನೆಯ ಪ್ಯಾರಾ ಮುರೋಸ್ ಎಂಬ ಊರಿನಲ್ಲಿ ಕಳೆದ ಮೂರು ದಿನಗಳದು. ಅದನ್ನು ಮತ್ತೆ ಓದುವಾಗ ನನಗೆ ನಮ್ಮ ಊರಿನ ಹಿರಿಯರ ನೆನಪಾಯಿತು. ಹೊರಡುವ ದಿನ ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಬಿಸಿಲು ಫಳಫಳ ಹೊಳೆಯುತ್ತಿತ್ತು. ತಾಂಡೇಲಳು ಮಾತ್ರ ಹಗ್ಗ ಬಿಚ್ಚಲಿಲ್ಲ. ಫಿನಿಸ್ತೆರೆ ಭೂಶಿರದ ಬಳಿ ಈಶಾನ್ಯದಿಂದ ಜೋರು ಗಾಳಿ ಬೀಸಲಿದೆ ಎಂದು ಹವಾಮಾನ ವರದಿ ಹೇಳಿತ್ತು. ಬೇಸಿಗೆಯಲ್ಲಿ ಆ ಕರಾವಳಿಯ ದೊಡ್ಡ ಗಾಳಿ ಬರುವುದೇ ಹಾಗೆ, ತಿಳಿ ಆಕಾಶದ ಅಡಿಯಲ್ಲಿ. ಮಳೆಯನ್ನೂ ಕಪ್ಪು ಮೋಡವನ್ನೂ ನೋಡಿ ಹೆದರಲು ಕಲಿತ ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ದೊಡ್ಡ ಮಗಳು ಮೂರು ದಿನವೂ ಕೇಳಿದಳಂತೆ, ಬಿಸಿಲಿದೆಯಲ್ಲ, ಯಾಕೆ ಹೋಗುತ್ತಿಲ್ಲ ಎಂದು. ದೋಣಿಯ ಬಾಡಿಗೆ ದಿನಕ್ಕಿಷ್ಟು ಎಂದು ಏರುತ್ತಲೇ ಇತ್ತು. ಗಂಡ ಹೆಂಡತಿಯ ನಡುವೆ ಒಂದು ಜಗಳವೂ ಆಯಿತು. ಹದಿನಾರು ದಿನಗಳಲ್ಲಿ ಹಾಯಿ ಬಿಚ್ಚಿದ್ದು ಒಂಬತ್ತೇ ದಿನ. ಒಟ್ಟು ಸಾಗಿದ್ದು ನೂರು ನಾಟಿಕಲ್ ಮೈಲಿನ ಆಸುಪಾಸು, ಎಂದರೆ 185 ಕಿಲೋಮೀಟರ್. ಕಾರಿನಲ್ಲಾದರೆ ಒಂದು ಬೆಳಗಿನ ದಾರಿ. ಉಳಿದ ಏಳು ದಿನವನ್ನು ನಾನು ಓದುಗರಿಂದ ಮುಚ್ಚಿಟ್ಟೆ. ಆ ಏಳು ದಿನಗಳಿಲ್ಲದೆ ಆ ಒಂಬತ್ತು ದಿನಗಳ ನಗು ಸಾಧ್ಯವಿರಲಿಲ್ಲ.

ಈಗ ಗಲಿಸಿಯಾದ ಬಗ್ಗೆ. ಫಿನಿಸ್ತೆರೆಯಿಂದ ದಕ್ಷಿಣಕ್ಕೆ ಪೋರ್ಚುಗಲ್ ಗಡಿಯವರೆಗಿನ ಕರಾವಳಿ ಐದು ಬೆರಳು ಚಾಚಿದಂತೆ ಇದೆ: ಕೊರ್ಕುಬಿಯೋನ್, ಮುರೋಸ್, ಅರೌಸಾ, ಪೊಂತೆವೆದ್ರಾ, ವೀಗೊ. ಅಲ್ಲಿಯವರು ಇವನ್ನು ‘ರಿಯಾ’ ಎನ್ನುತ್ತಾರೆ. ಹಿಂದೆ ನದಿ ಹರಿದ ಕಣಿವೆಗಳು ಇವು. ಸಮುದ್ರದ ಮಟ್ಟ ಏರಿದಾಗ ಮುಳುಗಿ, ಕಡಲು ನಾಡಿನೊಳಗೆ ಉದ್ದಕ್ಕೆ ಚಾಚಿಕೊಂಡಿತು. ದಕ್ಷಿಣದ ಮೂರು ರಿಯಾಗಳ ಬಾಯಿಗೆ ಸಾಲ್ವೊರಾ, ಓನ್ಸ್, ಸೀಯೆಸ್ ದ್ವೀಪಗಳು ಅಡ್ಡ ನಿಂತು ಅಟ್ಲಾಂಟಿಕದ ಅಲೆಯನ್ನು ಮುರಿಯುತ್ತವೆ. ಒಳಗೆ ಹೋದರೆ ಒಂದು ಬಂದರಿನಿಂದ ಇನ್ನೊಂದಕ್ಕೆ ಎರಡು ಮೂರು ಗಂಟೆಯ ದಾರಿ. ಮಗು ಅತ್ತರೆ, ಗಾಳಿ ಕೆಟ್ಟರೆ ಪಕ್ಕದಲ್ಲೇ ದಡ. ನಮ್ಮ ಅಳಿವೆಗಳ ಬಾಯಿಯಲ್ಲಿ ಮರಳಿನ ದಿಬ್ಬ ಕಟ್ಟಿ, ಅದರ ಮೇಲೆ ಅಲೆ ಒಡೆದು ದೋಣಿ ಮಗುಚುವುದನ್ನು ನೀವೂ ನಾನೂ ಕಂಡಿದ್ದೇವೆ. ಈ ರಿಯಾಗಳ ಬಾಯಿ ಆಳ ಮತ್ತು ಅಗಲ. ವೀಗೊಗೆ ದೊಡ್ಡ ಹಡಗುಗಳೇ ಬರುತ್ತವೆ.

ಋತುವೂ ನಮ್ಮದಕ್ಕೆ ತಿರುವುಮುರುವು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಜುಲೈ ಎಂದ ಕೂಡಲೇ ನಿಮ್ಮ ಎದೆ ನಡುಗುವುದಕ್ಕೆ ಇದೂ ಕಾರಣವಿರಬೇಕು. ಅಲ್ಲಿ ಕಡಲು ಕೆರಳುವುದು ಚಳಿಗಾಲದಲ್ಲಿ. ಫಿನಿಸ್ತೆರೆಯ ಸುತ್ತಲಿನ ದಡಕ್ಕೆ ‘ಸಾವಿನ ಕರಾವಳಿ’ ಎಂಬ ಹೆಸರೇ ಇದೆ. ‘ಪ್ರೆಸ್ಟೀಜ್’ ಎಂಬ ತೈಲ ಹಡಗು ಒಡೆದು ಆ ದಡಗಳಿಗೆಲ್ಲ ಟಾರು ಮೆತ್ತಿದ್ದು 2002ರ ನವೆಂಬರಿನಲ್ಲಿ.

ಬೇಸಿಗೆಯಾದರೂ ನೀರು ಬೆಚ್ಚಗಿರುವುದಿಲ್ಲ. ಉತ್ತರದ ಗಾಳಿ ಮೇಲ್ನೀರನ್ನು ಹೊರಕ್ಕೆ ತಳ್ಳಿದಾಗ ಆಳದ ತಣ್ಣೀರು ಮೇಲೇಳುತ್ತದೆ. ಜುಲೈನಲ್ಲೂ ಎಷ್ಟೋ ದಿನ 15ರಿಂದ 18 ಡಿಗ್ರಿ. ಬಿದ್ದವರಿಗೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟಿ ಬರುತ್ತದೆ, ಈಜು ಬಂದರೂ. ಇದೇ ತಣ್ಣೀರು ಪೋಷಕಾಂಶಗಳನ್ನು ಹೊತ್ತು ತರುತ್ತದೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಹೀಗೆ ಮೇಲೇಳುವ ನೀರೇ ಬೂತಾಯಿ, ಬಂಗುಡೆಗೆ ಮೇವು ಒದಗಿಸುತ್ತದೆ. ಅಲ್ಲಿ ಅದನ್ನು ನಂಬಿ ನಡೆಯುವುದು ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿ. ನೀಲಗಿರಿ ಮರದ ತೊಲೆಗಳನ್ನು ಜೋಡಿಸಿದ ತೆಪ್ಪಗಳು ಸಾವಿರಗಟ್ಟಲೆ ತೇಲುತ್ತವೆ, ಹೆಚ್ಚಿನವು ಅರೌಸಾದಲ್ಲಿ. ಒಂದೊಂದರಿಂದ ಪಚ್ಚಿಲೆ ಬೆಳೆಯುವ 500ರವರೆಗೆ ಹಗ್ಗಗಳು ಹನ್ನೆರಡು ಮೀಟರಿನಷ್ಟು ಆಳಕ್ಕೆ ಇಳಿಬಿದ್ದಿರುತ್ತವೆ. ಕತ್ತಲಲ್ಲಿ ಇವುಗಳ ನಡುವೆ ದೋಣಿ ನುಗ್ಗಿಸುವುದು ಅಪಾಯ. ಮಕ್ಕಳಿದ್ದ ಈ ದೋಣಿ ಒಂದು ರಾತ್ರಿಯೂ ಸಾಗಲಿಲ್ಲ ಎಂಬುದನ್ನು ಲೇಖಕಿ ಒತ್ತಿ ಬರೆದಿದ್ದರು.

ಮಕ್ಕಳ ರಕ್ಷಣೆಗೆ ಏನು ಮಾಡಿದ್ದರು ಎಂದು ಫೋನ್ ಮಾಡಿ ಕೇಳಿದೆ. ಮೆಟ್ಟಿಲು ಹತ್ತಿ ಹೊರಗೆ ಬಂದರೆ ಲೈಫ್ ಜಾಕೆಟ್ ಮೈಮೇಲೆ ಇರಲೇಬೇಕು, ದೋಣಿ ಬಂದರಿನಲ್ಲಿ ಕಟ್ಟಿದ್ದರೂ ಸರಿ. ಜಾಕೆಟ್ಟಿನ ಪಟ್ಟಿ ತೊಡೆಗಳ ನಡುವೆಯೂ ಹಾದು ಬರುತ್ತದೆ. ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೇರಿ ಮಗು ಕೆಳಗೆ ಜಾರುತ್ತದೆ. ಸಾಗುವಾಗ ಜಾಕೆಟ್ಟಿಗೆ ಸಿಕ್ಕಿಸಿದ ಗಿಡ್ಡ ಹಗ್ಗದ ಇನ್ನೊಂದು ತುದಿ ದೋಣಿಗೆ. ಅಂಚಿನ ಕಂಬಿಗಳಿಗೆ ಸುತ್ತಲೂ ಬಲೆ. ಮಲಗುವ ಹಲಗೆಗೆ ಬಟ್ಟೆಯ ತಡೆ. ಇಷ್ಟಾದರೂ ಲೇಖಕಿಗೆ ಹೆಚ್ಚು ಭಯ ಹುಟ್ಟಿಸಿದ್ದು ಕಡಲಲ್ಲ, ಒಲೆ. ವಾಲುವ ದೋಣಿಯಲ್ಲಿ ಕುದಿಯುವ ನೀರು! ಸಾಗುವಾಗ ಅವರು ಒಲೆ ಹಚ್ಚಲೇ ಇಲ್ಲ. ಬೆಳಿಗ್ಗೆಯೇ ಮೊಸರನ್ನ ಕಲಸಿ ಡಬ್ಬಿಗೆ ಹಾಕಿಡುತ್ತಿದ್ದರಂತೆ. ಕಡಲ ಹೊಯ್ದಾಟದ ವಾಂತಿಯ ಬಗ್ಗೆಯೂ ಕೇಳಿದ್ದೀರಿ. ಎರಡು ವರ್ಷದೊಳಗಿನ ಕೂಸುಗಳಿಗೆ ಅದು ಅಪರೂಪ. ಎರಡರಿಂದ ಹನ್ನೆರಡರ ನಡುವಿನ ಮಕ್ಕಳಿಗೇ ಹೆಚ್ಚು. ನಿಮ್ಮ ಮೊಮ್ಮಕ್ಕಳ ವಯಸ್ಸು ಅದೇ. ಔಷಧಿಯ ಮಾತು ಮಕ್ಕಳ ವೈದ್ಯರದು.

ಇನ್ನು ನಿಮ್ಮ ಮಗಳ ಯೋಜನೆ. ನೇರವಾಗಿ ಹೇಳುತ್ತೇನೆ, ಆ ದಾರಿ ಬೇಡ. ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಭಾಗ ಸುಮಾರು 14 ಕಿಲೋಮೀಟರ್. ಎರಡು ಖಂಡಗಳ ಬೆಟ್ಟಗಳ ನಡುವೆ ಗಾಳಿ ಕೊಳವೆಯಲ್ಲಿ ಸಿಕ್ಕಂತೆ ರಭಸವಾಗುತ್ತದೆ. ಪೂರ್ವದಿಂದ ಬೀಸುವುದು ಲೆವಾಂತೆ, ಪಶ್ಚಿಮದಿಂದ ಪೊನಿಯೆಂತೆ. ಜೊತೆಗೆ ಸೆಳೆತ, ಸಾಲುಗಟ್ಟಿದ ಸರಕು ಹಡಗುಗಳು. 2020ರಿಂದ ಓರ್ಕಾ ತಿಮಿಂಗಿಲಗಳು ಆ ಭಾಗದಲ್ಲಿ ಹಾಯಿದೋಣಿಗಳ ಚುಕ್ಕಾಣಿಗೆ ಬಡಿಯುತ್ತಿವೆ. ಕೆಲವು ದೋಣಿಗಳು ಮುಳುಗಿಯೂ ಇವೆ. ಟ್ಯೂನಾ ಮೀನಿನ ಹಿಂದೆ ಬರುವ ಅವು ಬೇಸಿಗೆಯಲ್ಲಿ ಅಲ್ಲಿ ಹೆಚ್ಚು. ಆಮೇಲೆ ಉತ್ತರಕ್ಕೆ ಗಲಿಸಿಯಾದ ಕಡೆಗೂ ಹೋಗುತ್ತವೆ. ಆಳ ಕಡಿಮೆ ಇರುವಲ್ಲಿ, ದಡಕ್ಕೆ ಹತ್ತಿರವಾಗಿ ಸಾಗಬೇಕೆಂದು ಅಲ್ಲಿನ ಅಧಿಕಾರಿಗಳ ಸೂಚನೆ. ರಿಯಾಗಳ ನಡುವೆ ಹೋಗುವವರು ಅದನ್ನು ಪಾಲಿಸಬಹುದು, ಜಲಸಂಧಿ ದಾಟುವವರಿಗೆ ಅದು ಕಷ್ಟ. ಅನುಭವಿಗಳು ದಾಟುತ್ತಾರೆ, ನಿಜ. ಎರಡೂವರೆ ವರ್ಷದ ಮಗುವನ್ನು ಇಟ್ಟುಕೊಂಡು, ಮೊದಲ ಪ್ರವಾಸದಲ್ಲೇ ದಾಟಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಹಾಗಾದರೆ ಮಕ್ಕಳಿಗೆ ಇದರಿಂದ ಏನು ಸಿಕ್ಕಿತು ಎಂದು ಕೇಳುತ್ತೀರಿ. ಮೂರು ವರ್ಷದವನಿಗೆ ದೊಡ್ಡವನಾದ ಮೇಲೆ ಏನೂ ನೆನಪಿರಲಿಕ್ಕಿಲ್ಲ. ಒಪ್ಪುತ್ತೇನೆ. ದೊಡ್ಡವಳ ಬಗ್ಗೆ ಮೂಲ ಪ್ರತಿಯಲ್ಲಿ ಒಂದು ಪ್ರಸಂಗವಿದೆ. ಅಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಭರತ ನಾಲ್ಕು ಮೀಟರಿನ ಹತ್ತಿರ ಬರುತ್ತದೆ, ನಮ್ಮದರ ಎರಡರಷ್ಟು. ನೀರು ಇಳಿದಾಗ ಮೊಣಕಾಲುದ್ದದ ಬೂಟು ತೊಟ್ಟ ಹೆಂಗಸರು ಸಾಲಾಗಿ ಬಗ್ಗಿ, ಮರಳು ಗೋರಿ ಚಿಪ್ಪುಗಳನ್ನು ಆರಿಸುತ್ತಿದ್ದರು. ಅಲ್ಲಿ ಈ ಕೆಲಸಕ್ಕೆ ಪರವಾನಗಿ ಬೇಕು, ಮಾಡುವವರಲ್ಲಿ ಹೆಚ್ಚಿನವರು ಹೆಂಗಸರೇ. ಅವರನ್ನು ನೋಡಿದ ಹುಡುಗಿ, “ಅಜ್ಜಿಯ ಊರಿನಲ್ಲಿ ಬಳಚು ತೆಗೆಯುವವರ ಹಾಗೆಯೇ” ಎಂದಳಂತೆ. ಆಕೆಯ ಅಜ್ಜಿಯ ಮನೆ ಕುಮಟೆಯ ಹತ್ತಿರ. ಮರುದಿನದಿಂದ ಇಳಿತದ ಹೊತ್ತನ್ನು ತಾಂಡೇಲಳ ಪುಸ್ತಕದಲ್ಲಿ ನೋಡಿ ಎಲ್ಲರಿಗೂ ಹೇಳುವ ಕೆಲಸ ಅವಳದಾಯಿತು. ನೀವು ಶಿಕ್ಷಕಿ. ಆರು ವರ್ಷದ ಮಗು ಚಂದ್ರನನ್ನೂ ನೀರನ್ನೂ ಜೋಡಿಸಿ ಲೆಕ್ಕ ಹಾಕಿತೆಂದರೆ ಅದರ ಬೆಲೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನಗೆ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಜಲಸಂಧಿಗೆ ಅವಳನ್ನು ಕಳುಹಿಸುವುದಿಲ್ಲ. ಮುರೋಸಿನಿಂದ ವೀಗೊ ರಿಯಾದ ಬಾಯಿಯ ಬಳಿಯ ಬಯೋನಾದವರೆಗಿನ ದಾರಿಗಾದರೆ ಕಳುಹಿಸುತ್ತೇನೆ, ಹಗಲಿನಲ್ಲಿ ಮಾತ್ರ, ದೋಣಿಯಲ್ಲಿ ಮೂರನೆಯ ದೊಡ್ಡವರಿದ್ದರೆ ಮಾತ್ರ. ಮಗಳಿಗೆ ಫೋನ್ ಮಾಡಿದಾಗ ಬೇಡ ಎನ್ನುವ ಮೊದಲು ಎರಡು ಮಾತು ಕೇಳಿ. ಮೂರನೆಯವರು ಯಾರು? ಬಂದರಿನಲ್ಲೇ ಸುಮ್ಮನೆ ಕೂರಲು ಎಷ್ಟು ದಿನ ತೆಗೆದಿರಿಸಿದ್ದೀರಿ? ಎರಡನೆಯದಕ್ಕೆ ಉತ್ತರ ತಡವರಿಸಿದರೆ, ಹಾಜರಿ ಪುಸ್ತಕದ ಮಾತನ್ನು ನನಗೆ ಬರೆದಂತೆ ಅವರಿಗೂ ಹೇಳಿ.

ತೆಗೆದುಹಾಕಿದ್ದ ಎರಡೂ ಪ್ಯಾರಾಗಳನ್ನು ಲೇಖಕಿಯ ಒಪ್ಪಿಗೆ ಪಡೆದು ಈ ಸಂಚಿಕೆಯ ಕೊನೆಯ ಪುಟದಲ್ಲಿ ಪೂರ್ತಿಯಾಗಿ ಅಚ್ಚು ಮಾಡಿದ್ದೇವೆ. ಮಗಳಿಗೆ ಕಳುಹಿಸಲು ಒಂದು ಪ್ರತಿ ಹೆಚ್ಚಿಗೆ ಸೇರಿಸಿ ನಿಮ್ಮ ವಿಳಾಸಕ್ಕೆ ಅಂಚೆಗೆ ಹಾಕಿದ್ದೇನೆ.

– ಸಂಪಾದಕ